ಹೊನ್ನಾವರದ ಖೋರ್

ಕತಾರಿನ ಅಲ್ ಖೋರ್ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅರಬ್ಬಿಯಲ್ಲಿ ಖೋರ್ ಅಂದರೆ ನೆಲದೊಳಕ್ಕೆ ನುಗ್ಗಿ ಬಂದ ಕಡಲ ನೀರು. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ನನ್ನೂರು ಹೊನ್ನಾವರದ ಶರಾವತಿ ಅಳಿವೆಗೂ ಇದೇ ಪದ ಬಳಸಿದ್ದಾನೆ. ಓದಿದಾಗ ನನಗೆ ತುಂಬಾ ಖುಷಿಯಾಯ್ತು.

1342ರಲ್ಲಿ ದೆಹಲಿಯಿಂದ ಚೀನಾಕ್ಕೆ ರಾಯಭಾರಿಯಾಗಿ ಹೊರಟವನು ದಾರಿಯಲ್ಲಿ ಹೊನ್ನಾವರಕ್ಕೆ ಬಂದ. ದೊಡ್ಡ ಖೋರ್, ದೊಡ್ಡ ಹಡಗುಗಳೇ ಒಳಗೆ ಬರುತ್ತವೆ, ಊರು ಕಡಲಿಂದ ಅರ್ಧ ಮೈಲಿ ಅಂತ ಬರೆದಿದ್ದಾನೆ. ಊರಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ! ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ್. ಅವನು ವಿಜಯನಗರದ ಹರಿಹರನ ಅಧೀನ.

ಊಟದ ವರ್ಣನೆ ಓದಬೇಕು ನೀವು. ತಾಮ್ರದ ತಟ್ಟೆಯಲ್ಲಿ ಅನ್ನ, ಮೇಲೆ ತುಪ್ಪ, ಬದಿಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು. ಕೊನೆಗೆ ಮೊಸರು, ಅವನ ಮಾತಲ್ಲಿ ಲಬನ್. ನಮ್ಮ ಮನೆ ಊಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಇನ್ನೊಂದು ಸಲ ಬಂದು 11 ತಿಂಗಳು ಇದ್ದನಂತೆ, ಅಷ್ಟು ದಿನವೂ ರೊಟ್ಟಿ ಸಿಗಲಿಲ್ಲ, ಬರೀ ಅನ್ನ. ನಾವಿಲ್ಲಿ ಖುಬ್ಬೂಸ್ ನುಂಗುತ್ತಾ ಕುಚ್ಚಲಕ್ಕಿ ನೆನೆಯೋದಕ್ಕೆ ಸರಿಯಾಗಿ ಉಲ್ಟಾ!

ಕಲ್ಲಿಕೋಟೆಯಲ್ಲಿ ಹಡಗು, ಸಾಮಾನು ಎಲ್ಲ ಹೋದ ಮೇಲೆ ಅವನು ತಿರುಗಿ ಬಂದದ್ದೂ ಇಲ್ಲಿಗೇ. ಸುಲ್ತಾನ ಇರಲು ಮನೆ ಕೊಟ್ಟ. ಕೈಲಿ ಕಾಸಿಲ್ಲದ ಪರದೇಶಿಗೆ ಅದು ಎಷ್ಟು ದೊಡ್ಡದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂಥ ಬಂದರು ಸಣ್ಣ ಊರಾದದ್ದು ಹೇಗೆ? ಘಟ್ಟದ ಮೆಣಸು ಗೇರುಸೊಪ್ಪೆಯಿಂದ ಹೊಳೆಯಲ್ಲಿ ಇಳಿದು ಬರುತ್ತಿತ್ತು, ಕೊಲ್ಲಿಯ ಕಡೆಯಿಂದ ಈ ಕರಾವಳಿಗೆ ಕುದುರೆ ಬರುತ್ತಿತ್ತು. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಇಲ್ಲಿ ಹಡಗುಗಳಿಗೆ ಬೆಂಕಿ ಇಟ್ಟ. 1515ರಲ್ಲಿ ಅಲ್ಬುಕರ್ಕ್ ಕೊಲ್ಲಿಯ ಬಾಗಿಲು ಹೋರ್ಮುಜ್ ಹಿಡಿದ. 1569ರಲ್ಲಿ ಹೊನ್ನಾವರವೂ ಅವರ ಕೈಗೆ ಹೋಯ್ತು. ಕಡಲಿನ ಎರಡೂ ದಡದಲ್ಲಿ ಒಬ್ಬರದೇ ಕೋಟೆ ಇದ್ದರೆ ಮಧ್ಯದ ವ್ಯಾಪಾರಿ ಎಲ್ಲಿಗೆ ಹೋಗಬೇಕು? ಊರನ್ನು ಬರಿದು ಮಾಡಿದ್ದು ಮುಖ್ಯವಾಗಿ ಇದೇ ಅಂತ ನನ್ನ ಲೆಕ್ಕ.

ಈಗ ಅಳಿವೆಯಲ್ಲಿ ಹೂಳು. ದೊಡ್ಡ ಹಡಗಿನ ಮಾತಿರಲಿ, ಮೀನಿನ ಬೋಟುಗಳೇ ಉಬ್ಬರ ನೋಡಿಕೊಂಡು ಒಳಗೆ ಬರುತ್ತವೆ. ಊರಿನ ಹುಡುಗರು ಕೆಲಸಕ್ಕೆ ವಿಮಾನ ಹತ್ತುತ್ತಾರೆ.