ಡ್ಯಾಂಡಿಲಿಯನ್ ವೈನ್: ಒಂದು ಬೇಸಿಗೆ, ಹಲವು ಓದು

ರೇ ಬ್ರಾಡ್‌ಬರಿಯ ‘ಡ್ಯಾಂಡಿಲಿಯನ್ ವೈನ್’ ಪ್ರಕಟವಾದದ್ದು 1957ರಲ್ಲಿ. ಕಥೆ ನಡೆಯುವುದು 1928ರ ಬೇಸಿಗೆಯಲ್ಲಿ, ಗ್ರೀನ್ ಟೌನ್ ಎಂಬ ಕಲ್ಪಿತ ಊರಲ್ಲಿ. ಹನ್ನೆರಡು ವರ್ಷದ ಡಗ್ಲಸ್ ಮತ್ತು ಅವನ ತಮ್ಮ ಟಾಮ್ ಹೂ ಕಿತ್ತು ತರುತ್ತಾರೆ, ಅಜ್ಜ ಅದರಿಂದ ವೈನ್ ಮಾಡುತ್ತಾನೆ. ಬೇಸಿಗೆಯ ದಿನಕ್ಕೊಂದರಂತೆ ಸೀಸೆಗಳು ನೆಲಮಾಳಿಗೆ ಸೇರುತ್ತವೆ, ಚಳಿಗಾಲದಲ್ಲಿ ತೆರೆದು ಕುಡಿಯಲು. ಡ್ಯಾಂಡಿಲಿಯನ್ ಎಂದರೆ ಅಲ್ಲಿನ ಜನ ಕಳೆಯೆಂದು ಕಿತ್ತೆಸೆಯುವ ಹಳದಿ ಹೂ.

ಈ ಪುಸ್ತಕದ ಬಗ್ಗೆ ಓದುಗರು ಒಂದು ಮಾತಿಗೆ ಬಂದದ್ದೇ ಇಲ್ಲ. ಬಿಡಿ ಕಥೆಗಳಾಗಿ ಪತ್ರಿಕೆಗಳಲ್ಲಿ ಬಂದಿದ್ದ ಹಲವು ಭಾಗಗಳನ್ನು ಲೇಖಕ ಒಂದಾಗಿ ಹೊಲಿದಿದ್ದಾನೆ. ಹಾಗಾಗಿ ಇದು ಕಾದಂಬರಿಯೇ ಅಲ್ಲ ಎನ್ನುವವರಿದ್ದಾರೆ. ಸಕ್ಕರೆ ಹೆಚ್ಚಾಯಿತು ಎನ್ನುವವರಿದ್ದಾರೆ. ಪ್ರತಿವರ್ಷ ಬೇಸಿಗೆ ಬಂತೆಂದರೆ ಮತ್ತೆ ಓದುವವರೂ ಇದ್ದಾರೆ. ಅಪೊಲೊ 15ರ ಗಗನಯಾತ್ರಿಗಳು 1971ರಲ್ಲಿ ಚಂದ್ರನ ಮೇಲಿನ ಒಂದು ಕುಳಿಗೆ ಡ್ಯಾಂಡಿಲಿಯನ್ ಎಂದು ಹೆಸರಿಟ್ಟದ್ದು ಈ ಪುಸ್ತಕದ ಮೇಲಿನ ಪ್ರೀತಿಯಿಂದಲೇ.

ಇವುಗಳಲ್ಲಿ ಒಂದು ಆಕ್ಷೇಪಕ್ಕೆ ಲೇಖಕನೇ ಉತ್ತರ ಕೊಟ್ಟಿದ್ದಾನೆ. ಗ್ರೀನ್ ಟೌನ್ ನಿಜದಲ್ಲಿ ಇಲಿನಾಯ್ ರಾಜ್ಯದ ವಾಕೀಗನ್, ಮಿಶಿಗನ್ ಸರೋವರದ ದಡದಲ್ಲಿರುವ ಕೈಗಾರಿಕೆಗಳ ಊರು. ಬ್ರಾಡ್‌ಬರಿ 1920ರಲ್ಲಿ ಹುಟ್ಟಿದ್ದು ಅಲ್ಲೇ. ಆ ಊರಲ್ಲಿ ಬೆಳೆದವನಿಗೆ ಬಂದರಿನ ಕೊಳಕು, ಕಲ್ಲಿದ್ದಲ ರಾಶಿ, ರೈಲ್ವೆ ಯಾರ್ಡಿನ ಮಸಿ ಕಾಣಲೇ ಇಲ್ಲವೇ ಎಂದು ಒಬ್ಬ ವಿಮರ್ಶಕ ಕೇಳಿದ. ಕಂಡಿತ್ತು, ಆದರೆ ಚೆಂದವಾಗಿ ಕಂಡಿತ್ತು ಎನ್ನುವುದು ಮುಂದೊಂದು ಆವೃತ್ತಿಯ ಮುನ್ನುಡಿಯಲ್ಲಿ ಬ್ರಾಡ್‌ಬರಿ ಕೊಟ್ಟ ಉತ್ತರದ ಸಾರ. ದಾರಿಗಡ್ಡವಾಗಿ ನಿಂತ ಗೂಡ್ಸ್ ರೈಲನ್ನು ದೊಡ್ಡವರು ಶಪಿಸುತ್ತಾರೆ, ಹುಡುಗರು ಡಬ್ಬಿ ಎಣಿಸುತ್ತಾರೆ. ಕುರೂಪವೆಂಬುದು ಆಮೇಲೆ ಕಲಿಯುವ ಪಾಠ.

ಉತ್ತರ ಸೊಗಸಾಗಿದೆ. ಆದರೆ ನನಗೆ ಅದು ಸಾಲುವುದಿಲ್ಲ. ಬರೆದವನು ಹನ್ನೆರಡರ ಹುಡುಗನಲ್ಲ, ಮೂವತ್ತು ದಾಟಿದ ಗಂಡಸು. 1928ರ ಮರುವರ್ಷವೇ ಅಮೆರಿಕದ ಷೇರುಪೇಟೆ ಕುಸಿಯಿತು ಎಂದು ಅವನಿಗೆ ಗೊತ್ತು. ಟೆಲಿಫೋನ್ ಲೈನ್‌ಮನ್ ಆಗಿದ್ದ ಅವನ ತಂದೆ ಕೆಲಸ ಕಳೆದುಕೊಂಡದ್ದು, 1934ರಲ್ಲಿ ಸಂಸಾರ ಲಾಸ್ ಏಂಜಲೀಸಿಗೆ ಗುಳೆ ಹೋದದ್ದು ಗೊತ್ತು. ಅಜ್ಜ ವೈನ್ ಮಾಡುವ ಆ ವರ್ಷ ದೇಶದಲ್ಲಿ ಪಾನನಿಷೇಧವಿತ್ತು ಎಂಬುದೂ ಗೊತ್ತು. ಇವನ್ನೆಲ್ಲ ಬಲ್ಲವನು ಬೇಕೆಂದೇ ಆ ಬೇಸಿಗೆಯನ್ನು ಆರಿಸಿಕೊಂಡಿದ್ದಾನೆ. ಹುಡುಗನಿಗೆ ಗೊತ್ತಿಲ್ಲದ್ದು ಬರೆಯುವವನಿಗೆ ಗೊತ್ತಿದೆ. ಪುಸ್ತಕದ ದುಃಖ ಇರುವುದು ಆ ಅಂತರದಲ್ಲಿ.

ಹಳಹಳಿಕೆಯ ಪುಸ್ತಕವೆಂದು ಇದನ್ನು ತಳ್ಳಿಹಾಕುವವರು ಒಳಗಿನ ಇಬ್ಬರು ಹೆಂಗಸರನ್ನು ಗಮನಿಸಬೇಕು. ಒಬ್ಬಳು ಮುದುಕಿ ಮಿಸೆಸ್ ಬೆಂಟ್ಲಿ. ತಾನೂ ಒಮ್ಮೆ ಚಿಕ್ಕ ಹುಡುಗಿಯಾಗಿದ್ದೆ ಎಂದರೆ ನೆರೆಮನೆಯ ಹುಡುಗಿಯರು ನಂಬುವುದಿಲ್ಲ. ಬಾಚಣಿಗೆ, ಉಂಗುರ, ಹಳೆಯ ಫೋಟೊ ತೋರಿಸಿದರೂ ಇಲ್ಲ. ಕೊನೆಗೆ ಜೋಪಾನ ಮಾಡಿದ್ದನ್ನೆಲ್ಲ ಅವಳೇ ಬೆಂಕಿಗೆ ಹಾಕುತ್ತಾಳೆ. ಇನ್ನೊಬ್ಬಳು ಲೀನಾ ಆಫ್‌ಮನ್. ಗಂಡ ಕಟ್ಟಿದ ‘ಸಂತೋಷದ ಯಂತ್ರ’ದೊಳಗೆ ಕೂತು, ಪ್ಯಾರಿಸ್ ಕಂಡು ಅಳುತ್ತಾ ಹೊರಬರುತ್ತಾಳೆ. ಮುಳುಗದ ಸೂರ್ಯಾಸ್ತ ಯಾರಿಗೆ ಬೇಕು, ಅದನ್ನು ನೋಡಿ ಬಂದಮೇಲೂ ಅಡುಗೆ, ಬಟ್ಟೆ ಒಗೆಯುವುದು ಇದ್ದೇ ಇದೆಯಲ್ಲ ಎನ್ನುವುದು ಅವಳ ಸಂಕಟ. ವಿಮರ್ಶಕರು ಹೊರಗಿನಿಂದ ಎತ್ತಿದ ತಕರಾರನ್ನು ಇವರಿಬ್ಬರೂ ಒಳಗಿನಿಂದಲೇ ಎತ್ತಿದ್ದಾರೆ. ಡಗ್ಲಸ್ ಕೂಡ ಮಿಂಚುಹುಳುಗಳ ಬೆಳಕಿನಲ್ಲಿ ಬರೆಯುತ್ತಾ, ಮುಂದೊಂದು ದಿನ ತಾನೂ ಸಾಯಬೇಕು ಎನ್ನುವ ಕಡೆ ಬಂದು ವಾಕ್ಯ ಮುಗಿಸಲಾರದೆ ನಿಲ್ಲುತ್ತಾನೆ.

ದೂರದ ಓದುಗರ ಕಥೆ ಬೇರೆ. 1967ರಲ್ಲಿ ಇದು ಸೋವಿಯತ್ ಒಕ್ಕೂಟದಲ್ಲಿ ರಷ್ಯನ್ ಭಾಷೆಗೆ ಬಂದು, ತಲೆಮಾರುಗಳ ಮೆಚ್ಚಿನ ಪುಸ್ತಕವಾಯಿತು. 1997ರಲ್ಲಿ ತೆರೆಕಂಡ ರಷ್ಯನ್ ಚಿತ್ರದಲ್ಲಿ, ಅಷ್ಟರಲ್ಲಾಗಲೇ ತೀರಿಕೊಂಡಿದ್ದ ಪ್ರಸಿದ್ಧ ನಟ ಇನ್ನೊಕೆಂತಿ ಸ್ಮೊಕ್ತುನೊವ್‌ಸ್ಕಿ ಮುದುಕ ಕರ್ನಲ್ ಫ್ರೀಲೀ ಆಗಿದ್ದರು, ಅದೇ ಅವರ ಕೊನೆಯ ಪಾತ್ರ. ಕಾದಂಬರಿಯಲ್ಲಿ ಕರ್ನಲ್ ಸಾಯುವುದು ಮೆಕ್ಸಿಕೊ ನಗರಕ್ಕೆ ಫೋನ್ ಮಾಡಿ, ಅಲ್ಲಿನ ಬೀದಿಯ ಸದ್ದು ಕೇಳುತ್ತಾ. ಶೀತಲಸಮರದ ಆಚೆ ಬದಿಯಲ್ಲಿ ಕೂತು ಇಲಿನಾಯ್‌ನ ಜಗಲಿಯ ಕಥೆ ಓದಿದವರೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದರು ಅನಿಸುತ್ತದೆ.

ಕನ್ನಡದ ಓದುಗನಾಗಿ ನನಗೆ ಮೊದಲು ಎಡವಿದ್ದು ಕ್ಯಾಲೆಂಡರಿನಲ್ಲಿ. ಡಗ್ಲಸ್‌ನ ಬೇಸಿಗೆ ಜೂನ್‌ನಲ್ಲಿ ಶುರು. ನಮ್ಮಲ್ಲಿ ಜೂನ್ ಎಂದರೆ ಮಳೆ, ಹೊಸ ಪಠ್ಯಪುಸ್ತಕದ ವಾಸನೆ, ಅಜ್ಜನ ಮನೆಯಿಂದ ವಾಪಸಾದ ಬೇಸರ. ಆದರೆ ಬೇಸಿಗೆಯನ್ನು ಕೂಡಿಡುವುದು ನಮಗೂ ಗೊತ್ತು. ಮಾವಿನ ಮಿಡಿ ಭರಣಿ ಸೇರುತ್ತದೆ, ಹಪ್ಪಳ ಸಂಡಿಗೆ ಡಬ್ಬಿ ಸೇರುತ್ತವೆ. ಕಾಗೆ ಓಡಿಸುವ ನೆಪದಲ್ಲಿ ಹಸಿ ಸಂಡಿಗೆ ತಿಂದದ್ದು ನಮ್ಮ ನೆನಪು. ಹಿಟ್ಟು ಕಾಯಿಸಿ ಬಿಸಿಲಲ್ಲಿ ಬೆನ್ನು ಬಗ್ಗಿಸಿದವರ ನೆನಪು ಅದೇ ಆಗಿರಲಾರದು. ಹಾಗೆ ಯೋಚಿಸಿದಾಗ ಲೀನಾಳ ಮಾತು ನನಗೆ ಇನ್ನಷ್ಟು ಹತ್ತಿರವಾಗುತ್ತದೆ.

ವಾಕೀಗನ್‌ನ ಮುಂದಿನ ಕಥೆಯನ್ನೂ ಹೇಳಬೇಕು. ಪುಸ್ತಕ ಬಂದ ನಂತರದ ವರ್ಷಗಳಲ್ಲಿ ಬಂದರಿಗೆ ಕಾರ್ಖಾನೆಯಿಂದ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಹರಿಯಿತು. 1980ರ ದಶಕದಲ್ಲಿ ಅದು ಅಮೆರಿಕ ಸರ್ಕಾರದ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ತುರ್ತಾಗಿ ಶುದ್ಧಿ ಮಾಡಬೇಕಾದ ಮಲಿನ ಜಾಗಗಳ ಪಟ್ಟಿಗೆ ಸೇರಿತು. ಅದೇ ಊರಲ್ಲಿ ಈಗ ಬ್ರಾಡ್‌ಬರಿ ಹೆಸರಿನ ಪಾರ್ಕ್ ಇದೆ. ಕಾದಂಬರಿಯಲ್ಲಿ ಕೊಲೆಗಾರನ ಭಯ ಕವಿದಿದ್ದ ಕೊರಕಲು ಅಲ್ಲೇ ಇದೆ. ಇಂದು ಆ ಊರಲ್ಲಿ ಬೆಳೆಯುವ ಹುಡುಗಿಯೊಬ್ಬಳು ಈ ಪುಸ್ತಕ ಓದಿ, ಇದು ನಮ್ಮೂರಲ್ಲ ಎಂದರೆ ಅವಳ ಓದು ತಪ್ಪಲ್ಲ. ಓದಿ ಮುಗಿಸಿ ಅದೇ ಕೊರಕಲಿಗೆ ಇಳಿದು ನೋಡಿ ಬಂದರೆ ಅದೂ ತಪ್ಪಲ್ಲ.