ಬೆಟಗೇರಿಯ ಮಿಶನ್ ಮತ್ತು ಅರ್ಧ ಕಾಸಿನ ಬಲ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಿರಿಯರನ್ನು ಕೇಳಿ ನೋಡಿ. ಬೆಟಗೇರಿಯ ‘ಜರ್ಮನ್ ಆಸ್ಪತ್ರೆ’ಯನ್ನು ಅರಿಯದವರು ವಿರಳ. ನೇಕಾರರ ಈ ಊರಿಗೆ ಜರ್ಮನ್ ನಂಟು ಬಂದದ್ದು ಹೇಗೆ?

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದಿತು. ಅದರ ಮೂಲ ಉದ್ದೇಶ ಮತಪ್ರಚಾರ. ಆದರೆ ಅದರೊಡನೆ ಶಾಲೆ, ವೈದ್ಯಸೇವೆಗಳೂ ಬಂದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ (1843), ಕಿಟ್ಟೆಲ್ಲರ ನಿಘಂಟು (1894) ಈ ಮಿಶನ್ನಿನವರದೇ ಕೊಡುಗೆ.

ಇದಕ್ಕೆಲ್ಲ ಹಣ ಎಲ್ಲಿಂದ ಬಂತು? ಶ್ರೀಮಂತರ ದಾನವೊಂದರಿಂದಲೇ ಅಲ್ಲ. 1855ರಲ್ಲಿ ಕಾರ್ಲ್ ಸಾರಾಸಿನ್ ಎಂಬವರು ‘ಅರ್ಧ ಬಾಟ್ಸೆನ್’ ವಂತಿಗೆಯನ್ನು ಆರಂಭಿಸಿದರು. ಬಾಟ್ಸೆನ್ ಎಂದರೆ ಅಲ್ಲಿಯ ಚಿಲ್ಲರೆ ನಾಣ್ಯ. ಅಲ್ಲಿಯ ಸಾಮಾನ್ಯ ಜನರು ವಾರಕ್ಕೆ ಅರ್ಧ ಬಾಟ್ಸೆನ್ ಕೊಟ್ಟರು. ಆ ಪುಡಿಕಾಸೇ ಕೂಡಿ ಆಫ್ರಿಕಾ, ಚೀನಾ, ಕರ್ನಾಟಕದ ಕೆಲಸಕ್ಕೆ ಆಧಾರವಾಯಿತು.

1914ರಲ್ಲಿ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಮಿಶನರಿಗಳು ಶತ್ರುಗಳಾದರು. ಬಂಧನಕ್ಕೊಳಗಾದರು, ದೇಶ ಬಿಟ್ಟರು. ಹೊರಗಿನ ಆಸರೆ ತಪ್ಪಿದಾಗ ಸಭೆಗಳ ಭಾರ ಇಲ್ಲಿಯ ಕನ್ನಡ ಕ್ರೈಸ್ತರ ಹೆಗಲಿಗೂ ಬಿತ್ತು. ಬೆಟಗೇರಿಯ ಸಭೆ ಅಳಿಯಲಿಲ್ಲ. ಇಂದು ದಕ್ಷಿಣ ಭಾರತ ಸಭೆಯ ಅಂಗವಾಗಿದೆ.

ಓದುಗರೇ, ನಂಬಿಕೆ ಬೇರೆಯಾದರೂ ಪಾಠ ಎಲ್ಲರದು. ದೂರದ ನೆರವು ಒಂದು ದಿನ ನಿಲ್ಲಬಹುದು. ಸಂಸ್ಥೆ ಉಳಿಯುವುದು ಊರವರು ಅದನ್ನು ತಮ್ಮದೆಂದುಕೊಂಡಾಗ. ನಿಮ್ಮ ಊರಿನ ಶಾಲೆಗೆ, ವಾಚನಾಲಯಕ್ಕೆ ನಿಮ್ಮ ‘ಅರ್ಧ ಕಾಸು’ ಎಷ್ಟು? ಯೋಚಿಸಿರಿ.