ಫಿಲಿಪ್ಪೀನ್ಸ್‌ನ ವ್ಲಾಗರ್‌ಗಳು ಮತ್ತು ಯುವ ಪ್ರೇಕ್ಷಕರು

ವ್ಲಾಗರ್ ಎಂದರೆ ನಮ್ಮ ಪಕ್ಕದ ಮನೆಯವರಂತೆ ಇರಬೇಕು, ನಟಿಸಬಾರದು ಎಂಬ ಫಿಲಿಪಿನೋ ಯುವಜನರ ಅಪೇಕ್ಷೆ ಇಂಟರ್ನೆಟ್‌ನಿಂದಷ್ಟೇ ಹುಟ್ಟಿದ್ದಲ್ಲ. ಅದರ ಬೇರು ಅಲ್ಲಿನ ಟೆಲಿವಿಷನ್‌ನಲ್ಲಿದೆ. ಎಬಿಎಸ್-ಸಿಬಿಎನ್, ಜಿಎಂಎ ವಾಹಿನಿಗಳು ದಶಕಗಳ ಕಾಲ ತಾರೆಯರನ್ನು ತಾವೇ ಹುಡುಕಿ, ತಿದ್ದಿ, 'ಲವ್ ಟೀಮ್' ಎಂಬ ಪ್ರಣಯ ಜೋಡಿಗಳಾಗಿ ಜನರ ಮುಂದಿಟ್ಟವು. ಬಿಳಿ ಮೈಬಣ್ಣದ, ಮಿಶ್ರ ವಂಶದ ಮುಖಗಳಿಗೇ ಮೊದಲ ಮಣೆ. ಆದರೆ 2005ರಲ್ಲಿ ಶುರುವಾದ ರಿಯಾಲಿಟಿ ಶೋ 'ಪಿನಾಯ್ ಬಿಗ್ ಬ್ರದರ್' ತನ್ನನ್ನು ನಿಜಜೀವನದ ಧಾರಾವಾಹಿ ಎಂದು ಕರೆದುಕೊಂಡಿತು. ಸಹಜತೆಗೂ ಬೆಲೆಯಿದೆ ಎಂಬುದು ವಾಹಿನಿಗಳಿಗೆ ಅಷ್ಟರಲ್ಲೇ ತಿಳಿದಿತ್ತು.

ತಿರುವು ಬಂದದ್ದು 2015ರಲ್ಲಿ. ಡಬ್‌ಸ್ಮ್ಯಾಶ್ ಆ್ಯಪ್‌ನ ವಿಡಿಯೊಗಳಲ್ಲಿ ಮುಖ ಸೊಟ್ಟ ಮಾಡಿ ನಗಿಸುತ್ತಿದ್ದ ಮೇನ್ ಮೆಂಡೋಝಾಳನ್ನು ಮಧ್ಯಾಹ್ನದ ಜನಪ್ರಿಯ ಕಾರ್ಯಕ್ರಮ 'ಈಟ್ ಬುಲಾಗಾ' ಒಂದು ಪಾತ್ರಕ್ಕೆ ಕರೆತಂದಿತು. ಜುಲೈ 16ರ ನೇರಪ್ರಸಾರದಲ್ಲಿ, ನಟ ಆಲ್ಡೆನ್ ರಿಚರ್ಡ್ಸ್ ತನ್ನನ್ನು ನೋಡುತ್ತಿದ್ದಾನೆಂದು ಅರಿವಾದೊಡನೆ ಆಕೆ ಪಾತ್ರ ಮರೆತು ನಾಚಿದಳು. ಆ ಕ್ಷಣವನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಜನ ಮರುಳಾದದ್ದು ಅದಕ್ಕೇ. ಅಕ್ಟೋಬರ್ 24ರಂದು ಈ 'ಆಲ್‌ಡಬ್' ಜೋಡಿಯ ಬಗ್ಗೆ ಒಂದೇ ದಿನ ಸುಮಾರು 4.1 ಕೋಟಿ ಟ್ವೀಟ್‌ಗಳು ಹರಿದವು. ಕಾರ್ಯಕ್ರಮ ಆ ನಾಚಿಕೆಯನ್ನೂ ಬೇಗನೆ ಧಾರಾವಾಹಿಯಾಗಿಸಿತು ಎಂಬುದು ಬೇರೆ ಮಾತು.

ಆ ಹೊತ್ತಿಗೆ ಮೊಬೈಲ್ ಕಂಪನಿಗಳು ಫೇಸ್‌ಬುಕ್ಕನ್ನು ಉಚಿತವಾಗಿ ಕೊಡಲು ಆರಂಭಿಸಿದ್ದವು. ದೇಶವೂ ಎಳೆಯದು, 2020ರ ಜನಗಣತಿಯಂತೆ ಅರ್ಧದಷ್ಟು ಜನ 25ರ ಆಸುಪಾಸಿನೊಳಗಿನವರು. ಈ ಎಳೆಯ ಪ್ರೇಕ್ಷಕರ ಮುಂದೆ ವ್ಲಾಗರ್‌ಗಳು ಬಂದರು. ಲಾಯ್ಡ್ ಕಡೇನಾ ತನ್ನ ತಾಯಿಯನ್ನೂ ಸೇರಿಸಿಕೊಂಡು ಮನೆಯಲ್ಲೇ ಚಿತ್ರೀಕರಿಸಿದ. ಕಾಂಗ್ ಟಿವಿ ಗೆಳೆಯರ ಕೀಟಲೆಯನ್ನೇ ಕಾರ್ಯಕ್ರಮವಾಗಿಸಿದ. ಮಿಮಿಯೂಹ್ ಬೀದಿಮಾತಿನ ಟ್ಯಾಗಲಾಗ್‌ನಲ್ಲೇ ಹರಟಿದರು. 2020ರ ಸೆಪ್ಟೆಂಬರ್‌ನಲ್ಲಿ, 26ನೇ ವಯಸ್ಸಿನಲ್ಲಿ ಕಡೇನಾ ತೀರಿಕೊಂಡಾಗ ಅಭಿಮಾನಿಗಳು ಮನೆಮಂದಿಯನ್ನು ಕಳೆದುಕೊಂಡವರಂತೆ ಶೋಕಿಸಿದರು. ಅದೇ ವರ್ಷದ ಮೇನಲ್ಲಿ ಪರವಾನಗಿ ಮುಗಿದ ಎಬಿಎಸ್-ಸಿಬಿಎನ್ ಪ್ರಸಾರ ನಿಂತಿತ್ತು. ತಾರೆಯರಿಗೂ ಯೂಟ್ಯೂಬ್ ಅನಿವಾರ್ಯವಾಯಿತು.

ಸಹಜತೆ ಹೀಗೆ ಕಸುಬಾಯಿತು. 2021ರಲ್ಲಿ ತೆರಿಗೆ ಇಲಾಖೆ ಜಾಲತಾಣದ ಗಳಿಕೆಗೆ ಪ್ರತ್ಯೇಕ ಸುತ್ತೋಲೆಯನ್ನೇ ಹೊರಡಿಸಿತು. ಪ್ರಾಯೋಜಿತ ಆತ್ಮೀಯತೆಯನ್ನು ಗುರುತಿಸುವಷ್ಟು ಪ್ರೇಕ್ಷಕರೂ ಪಳಗಿದ್ದಾರೆ. ಸೋಗಿನವರಿಗೆ ಅವರು ಕೊಡುವ ಬೈಗುಳ 'ಪ್ಲಾಸ್ಟಿಕ್'. ಈ ಸಂಶಯ 2025ರಲ್ಲಿ ರಾಜಕೀಯಕ್ಕೂ ದಾಟಿತು. ಪ್ರವಾಹ ತಡೆ ಕಾಮಗಾರಿಗಳ ಭ್ರಷ್ಟಾಚಾರ ಬಯಲಾದಾಗ, ಗುತ್ತಿಗೆದಾರರ ಮತ್ತು ರಾಜಕಾರಣಿಗಳ ಮಕ್ಕಳು ಹಾಕಿದ್ದ ಐಷಾರಾಮದ ಚಿತ್ರಗಳನ್ನು ಯುವಜನ ಹೆಕ್ಕಿ ಹಂಚಿದರು. ಸೆಪ್ಟೆಂಬರ್ 21ರಂದು ಮನಿಲಾದಲ್ಲಿ ಸಾವಿರಾರು ಮಂದಿ ಬೀದಿಗಿಳಿದರು.